ಅಡ್ಡಗೀಟು

ಆ ಕಾಗದದಲ್ಲಿ ನಾನು ಬರೆದದ್ದು ಮೂರೇ ಮೂರು. ಒಪ್ಪಿಗೆ ಕೊಡುವವರ ಜಾಗದಲ್ಲಿ ನನ್ನ ಸಹಿ. 'ರೋಗಿಗೆ ಏನಾಗಬೇಕು' ಎಂಬಲ್ಲಿ 'ಅಣ್ಣ'. ಇನ್ನೊಂದು, ಕೆಳಗಿನ ಒಂದು ಸಾಲಿನ ಮೇಲೆ ಅಡ್ಡಗೀಟು.

ಮೇ ತಿಂಗಳು, ಶ್ರೀನಿವಾಸಪುರದ ಕಡೆ ಮಾವಿನ ಸುಗ್ಗಿ. ಚಿಕ್ಕಪ್ಪನ ಮಗಳಿಗೆ ಎರಡನೇ ಹೆರಿಗೆ. ಅವಳ ಗಂಡ ಮಂಡಿಯಲ್ಲಿ ಕಾಯಿ ತುಂಬಿಸಿ ಅದೇ ಲಾರಿ ಹತ್ತಿ ಹೋಗಿದ್ದ, ಫೋನಿಗೆ ಸಿಗುತ್ತಿರಲಿಲ್ಲ. ಬೆಳಗಿನಿಂದ ಬೇನೆ ತಿಂದವಳನ್ನು ಸಂಜೆ ಕೋಲಾರದ ಒಂದು ಆಸ್ಪತ್ರೆಗೆ ತಂದಿದ್ದೆವು. ರಾತ್ರಿ ಹತ್ತೂವರೆಗೆ ಡಾಕ್ಟ್ರಮ್ಮ ಹೊರಗೆ ಬಂದು, "ಮಗು ಎದೆಬಡಿತ ಇಳೀತಾ ಇದೆ. ಆಪರೇಷನ್ ಮಾಡ್ಬೇಕು. ಗಂಡ ಎಲ್ಲಿ?" ಎಂದರು.

ಅವಳ ಅತ್ತೆ ಎದ್ದು ನಿಂತು, "ಆಪರೇಷನ್ ಮಾತ್ರ ಬೇಡಮ್ಮಾ" ಎಂದುಬಿಟ್ಟರು.

ನಮ್ಮ ಸೀಮೆಯಲ್ಲಿ ಹೆಂಗಸಿಗೆ 'ಆಪರೇಷನ್ ಆಯ್ತಾ' ಎಂದು ಕೇಳಿದರೆ ಅದಕ್ಕೆ ಒಂದೇ ಅರ್ಥ, ಮಕ್ಕಳಾಗದಂತೆ ಮಾಡಿಸಿಕೊಂಡಾಯಿತೇ ಎಂದು. ಹೊಟ್ಟೆ ಕೊಯ್ದು ಮಗು ತೆಗೆಯುವುದಕ್ಕೆ ಸಿಜೇರಿಯನ್ ಎನ್ನುತ್ತಾರೆ. ಮೊದಲನೆಯದು ಹೆಣ್ಣುಮಗು. ಸೊಸೆಯ ಬಸಿರಿಗೇ ಬೀಗ ಹಾಕುತ್ತಾರೆಂದು ಅತ್ತೆ ಹೆದರಿದ್ದರು. ಕನ್ನಡದಲ್ಲೊಮ್ಮೆ ತೆಲುಗಿನಲ್ಲೊಮ್ಮೆ ಹೇಳಿ ಅವರಿಗೆ ತಿಳಿಸುವಷ್ಟರಲ್ಲಿ ಕಾಲು ಗಂಟೆ ಕಳೆಯಿತು. ಒಳಗೆ ಮಗುವಿನ ಎದೆಬಡಿತ ಇಳಿಯುತ್ತಲೇ ಇತ್ತು.

ಕೊನೆಗೆ ಸಿಸ್ಟರ್ ಕಾಗದವನ್ನು ನನ್ನ ಕೈಗೆ ಕೊಟ್ಟರು. ಅಲ್ಲಿದ್ದವರಲ್ಲಿ ಪ್ಯಾಂಟು ಹಾಕಿಕೊಂಡು ಜೇಬಿನಲ್ಲಿ ಪೆನ್ನಿಟ್ಟುಕೊಂಡಿದ್ದವನು ನಾನೊಬ್ಬನೇ. ನನಗಿದ್ದ ಅಧಿಕಾರ ಅಷ್ಟೇ. ಸಹಿ ಮಾಡಿದೆ. "ಎರಡನೇದಲ್ವಾ, ಹೊಟ್ಟೆ ತೆರೆದಾಗಲೇ ಟ್ಯೂಬೆಕ್ಟಮಿನೂ ಮಾಡ್ತಾರೆ. ಬೇಕಾ, ಬೇಡ್ವಾ?" ಎಂದು ಸಿಸ್ಟರ್ ಕೆಳಗಿನ ಸಾಲನ್ನು ತೋರಿಸಿದರು. ಅತ್ತೆ ಹೆದರಿದ್ದ ಆಪರೇಷನ್ ಅದೇ. ಅತ್ತೆ ನನ್ನ ಮುಖ ನೋಡಿದರು. ನಾನು ಗೀಟೆಳೆದು, ಗುಮಾಸ್ತನ ಅಭ್ಯಾಸ ನೋಡಿ, ಗೀಟಿನ ಪಕ್ಕದಲ್ಲಿ ಚಿಕ್ಕದೊಂದು ಸಹಿಯನ್ನೂ ಹಾಕಿದೆ. ತಂಗಿ ನಾಲ್ಕು ಮಾರು ದೂರದಲ್ಲಿ ಸ್ಟ್ರೆಚರ್ ಮೇಲೆ ಎಚ್ಚರವಾಗಿಯೇ ಮಲಗಿದ್ದಳು.

ಮಗು ಬದುಕಿತು, ತಾಯಿಯೂ ಬದುಕಿದಳು. ಡಾಕ್ಟ್ರಮ್ಮನಿಗೆ ಕೈಮುಗಿದು ಬಂದೆವು. ಹಾಗಾದರೆ ಇದರಲ್ಲಿ ಪ್ರಕರಣವೇನು ಬಂತು? ಅದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮುಳಬಾಗಿಲಿನ ನಮ್ಮ ನೆಂಟರಿಗೆ ದೊಡ್ಡ ಕಾಯಿಲೆ ಎಂದರೆ ರಾಯವೇಲೂರಿನ ಮಿಷನ್ ಆಸ್ಪತ್ರೆ. ಆ ಆಸ್ಪತ್ರೆ ಹುಟ್ಟಿದ ಕಥೆಯನ್ನು ಅಲ್ಲಿಗೆ ಹೋಗಿಬಂದವರೆಲ್ಲ ಹೇಳುತ್ತಾರೆ. 1890ರ ದಶಕ, ತಿಂಡಿವನಂ. ಮಿಷನರಿ ಡಾಕ್ಟರ್ ಸ್ಕಡರ್ ಅವರ ಮಗಳು ಐಡಾ ಅಮೆರಿಕದಿಂದ ಬಂದಿದ್ದಳು. ಒಂದೇ ರಾತ್ರಿ ಮೂವರು ಗಂಡಸರು ಒಬ್ಬರ ಹಿಂದೊಬ್ಬರು ಬಾಗಿಲಿಗೆ ಬಂದು, ಹೆಂಡತಿಗೆ ಹೆರಿಗೆ ಕಷ್ಟವಾಗಿದೆ, ನೀನು ಬಾ ಎಂದು ಅವಳನ್ನು ಕರೆದರು. ನಾನು ವೈದ್ಯಳಲ್ಲ, ಅಪ್ಪ ಬರುತ್ತಾರೆ ಎಂದಳು. ಪರಗಂಡಸು ಮುಟ್ಟುವುದು ಬೇಡ ಎಂದು ಮೂವರೂ ತಿರುಗಿ ಹೋದರು. ಬೆಳಗಾಗುವಷ್ಟರಲ್ಲಿ ಆ ಮೂವರು ಹೆಂಗಸರೂ ಸತ್ತಿದ್ದರು. ಐಡಾ ಅಮೆರಿಕಕ್ಕೆ ಮರಳಿ 1899ರಲ್ಲಿ ವೈದ್ಯಕೀಯ ಪದವಿ ಪಡೆದು ವೇಲೂರಿಗೆ ಬಂದರು. 1918ರಲ್ಲಿ ಅಲ್ಲಿ ಹೆಂಗಸರಿಗಾಗಿಯೇ ವೈದ್ಯಕೀಯ ಶಾಲೆ ತೆರೆದರು.

ಕೋಲಾರದ ಮಿಷನ್ ಆಸ್ಪತ್ರೆಯೂ ಇದೇ ಕಾಲದ್ದು. ಎಲ್ಲರೂ ಇಟಿಸಿಎಂ ಎನ್ನುತ್ತಾರೆ, ಪೂರ್ತಿ ಹೆಸರು ಎಲೆನ್ ಥೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆ. (ನನ್ನ ಪ್ರಕರಣ ನಡೆದದ್ದು ಅಲ್ಲಲ್ಲ.) ಅಮೆರಿಕದ ಮೆಥೋಡಿಸ್ಟ್ ಹೆಂಗಸರ ಸಂಘ ದುಡ್ಡು ಕೂಡಿಸಿ ಕಟ್ಟಿಸಿದ್ದು ಅದು. ಅದೇ ಸಂಘ ಕಳಿಸಿದ ಡಾಕ್ಟರ್ ಕ್ಲಾರಾ ಸ್ವೇನ್ 1870ರಲ್ಲೇ ಬರೇಲಿಗೆ ಬಂದಿದ್ದರು. ನಮ್ಮಲ್ಲಿ ಹೆಣ್ಣು ವೈದ್ಯರ ಪರಂಪರೆ ಬೆಳೆದದ್ದು ಗಂಡಂದಿರು ಬೇಡ ಎಂದದ್ದರಿಂದ. ಆ 'ಬೇಡ'ದಿಂದ ಎಷ್ಟೋ ಹೆಂಗಸರು ಸತ್ತರು, ಒಂದು ವೃತ್ತಿ ಹುಟ್ಟಿತು.

ಐಡಾ ಕಥೆಯನ್ನು ಎಷ್ಟೋ ಸಲ ಕೇಳಿದ್ದೇನೆ. ಮೂವರು ಗಂಡಸರ ಜಾತಿ ಮತ ಏನೆಂದು ಅದರಲ್ಲಿ ಬರುತ್ತದೆ, ಅವರು ಏನೆಂದರು ಎಂಬುದೂ ಬರುತ್ತದೆ. ಒಳಗೆ ಬೇನೆ ತಿನ್ನುತ್ತಿದ್ದ ಮೂವರು ಏನೆಂದರು ಎಂಬುದು ಎಲ್ಲೂ ಬರುವುದಿಲ್ಲ. ಗಂಡಸು ಡಾಕ್ಟರಾದರೂ ಆಗಲಿ, ಕರೆಸಿ, ನನ್ನ ಜೀವ ಉಳಿಯಲಿ ಎಂದು ಅವರಲ್ಲಿ ಒಬ್ಬಳಾದರೂ ಅಂದಿರಲಾರಳೇ?

ಇನ್ನೂ ಹಿಂದಕ್ಕೆ ಹೋದರೆ ಇನ್ನೂ ಮೂವರು ಸಿಗುತ್ತಾರೆ. ಅಮೆರಿಕದ ಅಲಬಾಮದಲ್ಲಿ 1845ರಿಂದ 1849ರವರೆಗೆ ಮೇರಿಯನ್ ಸಿಮ್ಸ್ ಎಂಬ ಡಾಕ್ಟರ್, ಹೆರಿಗೆಯಲ್ಲಿ ಹರಿದು ಸದಾ ಮೂತ್ರ ಸೋರುತ್ತಿದ್ದ ಗುಲಾಮ ಹೆಂಗಸರ ಮೇಲೆ ಹೊಲಿಗೆಯ ಪ್ರಯೋಗ ನಡೆಸಿದ. ಅನಾರ್ಕಾ, ಬೆಟ್ಸಿ, ಲೂಸಿ. ಅನಾರ್ಕಾಳನ್ನು ಅರಿವಳಿಕೆಯಿಲ್ಲದೆ ಸುಮಾರು 30 ಸಲ ಕೊಯ್ದ. ಆ ಹೊಲಿಗೆಯಿಂದ ಮುಂದೆ ಎಷ್ಟೋ ತಾಯಂದಿರ ಬಾಳು ನೇರ್ಪಟ್ಟಿತು, ಅದನ್ನು ಅಲ್ಲಗಳೆಯುವಂತಿಲ್ಲ. ಸಿಮ್ಸ್‌ನನ್ನು ಸ್ತ್ರೀರೋಗ ಶಾಸ್ತ್ರದ ಪಿತಾಮಹ ಎಂದರು, ನ್ಯೂಯಾರ್ಕಿನಲ್ಲಿ ಪ್ರತಿಮೆ ನಿಲ್ಲಿಸಿದರು, 2018ರಲ್ಲಿ ತೆಗೆದರು. ಅವನು ಆ ಹೆಂಗಸರನ್ನು ಪಡೆದದ್ದು ಅವರ ಒಡೆಯರಿಂದ.

ನನ್ನನ್ನು ಸಿಮ್ಸ್ ಪಕ್ಕದಲ್ಲಿ ನಿಲ್ಲಿಸಿಕೊಳ್ಳುವಷ್ಟು ನಾಟಕದವನು ನಾನಲ್ಲ. ಆದರೂ ಕಾಗದದಲ್ಲಿದ್ದ 'ಏನಾಗಬೇಕು' ಎಂಬ ಜಾಗ ಎಲ್ಲಿಂದ ಬಂತು ಎಂದು ಯೋಚಿಸುವಾಗ ಅವನು ನೆನಪಾಗುತ್ತಾನೆ.

ಆಸ್ಪತ್ರೆಗಿಂತ ಸೂಲಗಿತ್ತಿಯೇ ಮೇಲಾಗಿತ್ತು ಎಂದು ಹೇಳುವವರಿದ್ದಾರೆ. ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ, ಕಾಸು ಮುಟ್ಟದೆ, 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ತೀರಿಕೊಂಡರು. ಅಂಥವರ ಕೈಗೆ ನಮಸ್ಕಾರ. ನಮ್ಮಜ್ಜಿಯ ಊರಿನ ಮಂತ್ರಸಾನಿಯೂ ಬಸುರಿಯ ಬೆನ್ನು ನೀವುತ್ತ ರಾತ್ರಿಯಿಡೀ ಮಾತಾಡುತ್ತಿದ್ದಳಂತೆ. ಆದರೆ ಏನು ಮಾಡುವುದು ಎಂದು ಕೇಳುವಾಗ ಅವಳೂ ತಿರುಗುತ್ತಿದ್ದದ್ದು ಅತ್ತೆಯ ಕಡೆಗೇ. ಈಗ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಹೆರಿಗೆಯ ಕೋಣೆ ಬದಲಾಯಿತು, ಬಾಗಿಲಲ್ಲಿ ನಿಂತವರು ಅವರೇ.

ಕಾನೂನಿನಲ್ಲಿ ಗೊಂದಲವಿಲ್ಲ. ದೆಹಲಿಯ ಸಮೀರಾ ಕೊಹ್ಲಿ 1995ರಲ್ಲಿ ತಪಾಸಣೆಗೆ ಮಾತ್ರ ಒಪ್ಪಿ ಅರಿವಳಿಕೆ ಪಡೆದಿದ್ದರು. ಹೊರಗೆ ಕೂತಿದ್ದ ಅವರ ತಾಯಿಯನ್ನು ಕೇಳಿ ಡಾಕ್ಟರು ಗರ್ಭಕೋಶವನ್ನೇ ತೆಗೆದರು. ವಯಸ್ಕಳಾದ, ತಿಳಿವಳಿಕೆಯುಳ್ಳ ಹೆಂಗಸಿನ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ ಎಂದು 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಟ್ಯೂಬೆಕ್ಟಮಿಗೂ ಗಂಡನ ಒಪ್ಪಿಗೆ ಬೇಕಿಲ್ಲ ಎಂದು ಸರ್ಕಾರದ ನಿಯಮಗಳೇ ಹೇಳುತ್ತವೆ. ಜನನ ನಿಯಂತ್ರಣದ ವಿಷಯದಲ್ಲಿ ನಾವು ಹಿಂದುಳಿದವರೂ ಅಲ್ಲ. 1930ರಷ್ಟು ಹಿಂದೆಯೇ ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಅದಕ್ಕೆಂದೇ ಕ್ಲಿನಿಕ್ ತೆರೆದಿತ್ತು.

ಬೇನೆಯಲ್ಲಿ ಒದ್ದಾಡುವವಳನ್ನು ಇಂಥ ಪ್ರಶ್ನೆ ಕೇಳುವುದು ಸರಿಯೇ ಎಂದು ನನ್ನ ಡಾಕ್ಟರ್ ಗೆಳೆಯ ಕೇಳಿದ. ಒಪ್ಪುತ್ತೇನೆ. ಜೀವಮಾನದ ತೀರ್ಮಾನವನ್ನು ಆ ಗಳಿಗೆಯಲ್ಲಿ ಕೇಳಬಾರದು, ಮೊದಲೇ ಕೇಳಿರಬೇಕು. ತಂಗಿಯ ತಾಯಿ ಕಾರ್ಡಿನಲ್ಲಿ ತಿಂಗಳು ತಿಂಗಳು ತೂಕ ಬರೆದಿತ್ತು, ಬಿಪಿ ಬರೆದಿತ್ತು. ನಿನಗೆಷ್ಟು ಮಕ್ಕಳು ಬೇಕಮ್ಮಾ ಎಂದು ಅವಳನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಬಾಣಂತನದ ಮೂರನೇ ತಿಂಗಳು ಮಗು ನೋಡಲು ಹೋದೆ. ಅತ್ತೆ ಹಾಲಿನ ಡೈರಿಗೆ ಹೋಗಿದ್ದರು. ತಂಗಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ನನ್ನ ಕಡೆ ನೋಡದೆ ಹೇಳಿದಳು: "ಅಣ್ಣಾ, ಆವತ್ತು ನಂಗೆಲ್ಲಾ ಕೇಳಿಸ್ತಿತ್ತು. ಬೇಕಾ ಬೇಡ್ವಾ ಅಂತ ಸಿಸ್ಟರ್ ಕೇಳಿದ್ರಲ್ಲ, ನಾನು ಬೇಕು ಅಂದೆ. ಎರಡು ಸಲ ಅಂದೆ."

ಸ್ಟ್ರೆಚರ್ ಕಡೆಯಿಂದ ಏನೋ ಸದ್ದು ಬಂದದ್ದು ನನಗೆ ನೆನಪಿದೆ. ನರಳುತ್ತಿದ್ದಾಳೆ ಎಂದುಕೊಂಡಿದ್ದೆ.

ಮೂರನೆಯದೂ ಆಯಿತು. ಗಂಡೋ ಹೆಣ್ಣೋ ಎಂದು ಓದುವವರು ಕೇಳುತ್ತಾರೆಂದು ಗೊತ್ತು, ಹೇಳುವುದಿಲ್ಲ. ಆ ಸಲ ಸಿಜೇರಿಯನ್ನಿಗೆ ಮೊದಲೇ ದಿನ ಗೊತ್ತುಮಾಡಿದ್ದರು. ಸಿಸ್ಟರ್ ಕಾಗದ ತಂದಾಗ ತಂಗಿ ನನ್ನ ಜೇಬಿನ ಪೆನ್ನು ಕೇಳಿ ತೆಗೆದುಕೊಂಡು, ಎದ್ದು ಕೂತು, ಕೆಳಗಿನ ಸಾಲನ್ನೂ ಬೆರಳಿಟ್ಟು ಓದಿ, ಸಹಿ ಮಾಡಿದಳು. ಸಿಸ್ಟರ್ ಅದನ್ನು ನೋಡಿ, "ಸರಿ ಕಣಮ್ಮ, ನಿಮ್ ಯಜಮಾನ್ರದ್ದೂ ಒಂದು ಆಗ್ಬೇಕಲ್ಲ" ಎಂದರು. ಹಾಗೆಂದು ಯಾವ ನಿಯಮದಲ್ಲಿದೆ ಎಂದೆ. "ಇಲ್ಲಿ ಹಾಗೇ ಸಾರ್" ಎಂದರು. ಅವನು ಟೊಮೆಟೊ ಲೋಡು ಇಳಿಸಿ ಮಾರ್ಕೆಟ್ಟಿನಿಂದ ಬರಬೇಕಿತ್ತು. ಬರುವವರೆಗೆ ಕಾಗದ ಫ್ಯಾನಿನ ಗಾಳಿಗೆ ಹಾರದಂತೆ ಬಿಪಿ ಯಂತ್ರದ ಅಡಿಯಲ್ಲಿತ್ತು.