ಮೊಗ್ಗಿನ ಲೆಕ್ಕ, ಹಳ್ಳದ ನೀರು

ಮೂರು ವರ್ಷದ ಹಿಂದಿನ ಮಾತು. ಫೆಬ್ರವರಿ ಕೊನೆ. ಕಳಸದ ಹತ್ತಿರದ ನಮ್ಮ ತೋಟದಲ್ಲಿ ರೋಬಸ್ಟಾ ಕುಯ್ಲು ಮುಗಿದಿತ್ತು. ನಾನು ಬೆಂಗಳೂರಿನಿಂದ ನಾಲ್ಕು ದಿನದ ರಜೆಗೆ ಹೋಗಿದ್ದೆ. ಹಳ್ಳದ ಗುಂಡಿಯ ಪಕ್ಕ ಡೀಸೆಲ್ ಪಂಪು ಬಿಚ್ಚಿಕೊಂಡು ಕೂತಿದ್ದ ಅಪ್ಪ, ತಲೆ ಎತ್ತದೆಯೇ ಕೇಳಿದರು: "ನೀನು ಓದ್ತಿರೋದು ಗಿಡದೊಳಗೆ ನೀರು ಹೆಂಗೆ ಹತ್ತುತ್ತೆ ಅಂತ ತಾನೆ? ಹಂಗಾದ್ರೆ ಹೇಳು ಮಾರಾಯ್ತಿ, ಈಗಲೇ ನೀರು ಕೊಡ್ಬೋದಾ, ಇನ್ನೊಂದು ವಾರ ಒಣಗ್ಲಾ?"

ಪಿಎಚ್‌ಡಿಗೆ ಸೇರಿದ ಮೇಲೆ ಮನೆಯಲ್ಲಿ ಯಾರಾದರೂ ನನ್ನ ಓದನ್ನು ನಂಬಿ ಕೇಳಿದ ಮೊದಲ ಪ್ರಶ್ನೆ ಅದು. ತೋಟ ಸುತ್ತಿ ಬಂದೆ. ಮಧ್ಯಾಹ್ನ ಜೋತುಬಿದ್ದ ಎಲೆಗಳು ಸಂಜೆಗೆ ಮತ್ತೆ ನೆಟ್ಟಗಾಗುತ್ತಿದ್ದವು. ಇನ್ನೂ ಒಂದು ವಾರ ತಡೆಯುತ್ತವೆ ಎಂದೆ. ಅಪ್ಪ ತಲೆಯಾಡಿಸಿದರು. ಅವರಿಗೂ ಹಾಗೇ ಅನ್ನಿಸಿತ್ತಂತೆ.

ಕಾಫಿ ಗೊತ್ತಿಲ್ಲದವರಿಗೆ ಇದು ವಿಚಿತ್ರವಾಗಿ ಕೇಳಿಸಬಹುದು. ಹೂವು ಬೇಕೆಂದರೆ ನೀರು ಕೊಡಬೇಕು, ಒಣಗಿಸುವುದೇಕೆ? ಕಾಫಿಯ ಮೊಗ್ಗು ಒಂದು ಹಂತದವರೆಗೆ ಬೆಳೆದು ನಿದ್ದೆಗೆ ಜಾರುತ್ತದೆ. ಆ ನಿದ್ದೆ ಮುರಿಯಲು ಮೊದಲು ಬಾಯಾರಿಕೆ ಬೇಕು, ಆಮೇಲೆ ನೀರು. ಬಿಡುವಿಲ್ಲದೆ ನೀರು ಸಿಕ್ಕ ಗಿಡದ ಮೊಗ್ಗು ನಿದ್ದೆಯಲ್ಲೇ ಉಳಿಯುತ್ತದೆ ಎಂಬುದನ್ನು ಅಲ್ವಿಮ್ ಎಂಬ ವಿಜ್ಞಾನಿ 1960ರಲ್ಲಿ ಬರೆದು ತೋರಿಸಿದರು. ಒಣಗಿದ ಗಿಡಕ್ಕೆ ಒಳ್ಳೆಯ ಮಳೆ ಬಿದ್ದರೆ ಎಂಟು ಹತ್ತು ದಿನದಲ್ಲಿ ಇಡೀ ಗುಡ್ಡ ಬೆಳ್ಳಗಾಗುತ್ತದೆ. ಇದನ್ನೇ ನಮ್ಮ ಕಡೆ ಹೂಮಳೆ ಎನ್ನುವುದು. ಮಳೆಯನ್ನು ನಂಬಿ ಕೂರಲಾಗದವರು ಹಳ್ಳಕ್ಕೆ ಪಂಪು ಇಟ್ಟು, ಸ್ಪ್ರಿಂಕ್ಲರಿನಲ್ಲಿ ಆ ಮಳೆಯನ್ನು ತಾವೇ ಸುರಿಸುತ್ತಾರೆ.

ಪಂಪಿನ ಬಗ್ಗೆ ಅಪ್ಪನಿಗೆ ತಿಳಿದ ಒಂದು ಸತ್ಯವಿದೆ. ನೀರಿನ ಮಟ್ಟದಿಂದ 25 ಅಡಿಗಿಂತ ಮೇಲಿಟ್ಟರೆ ಅದು ನೀರೆತ್ತಲು ತಿಣುಕುತ್ತದೆ. ಕಾರಣ ಸರಳ. ಪಂಪು ಪೈಪಿನೊಳಗಿನ ಒತ್ತಡವನ್ನು ತಗ್ಗಿಸುತ್ತದೆ ಅಷ್ಟೆ. ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಭಾರ. ಆ ಭಾರಕ್ಕೆ ನೀರನ್ನು ಸುಮಾರು 10 ಮೀಟರಿಗಿಂತ, ಅಂದರೆ 33 ಅಡಿಗಿಂತ, ಮೇಲೆ ಏರಿಸುವ ತಾಕತ್ತಿಲ್ಲ. ಸವೆದ ಪಂಪಿನಲ್ಲಿ ಅಷ್ಟೂ ಆಗುವುದಿಲ್ಲ. ಆದರೆ ಅದೇ ಪಂಪಿನ ಪಕ್ಕ ನಿಂತ ಹೆಬ್ಬಲಸಿನ ಮರ ನೂರು ಅಡಿಯ ಮೇಲಿನ ಎಲೆಗೆ ಸದ್ದಿಲ್ಲದೆ ನೀರು ಮುಟ್ಟಿಸುತ್ತದೆ. ಹೇಗೆ?

ಮರಕ್ಕೆ ಜೀವವಿದೆ, ಆದ್ದರಿಂದ ಅದು ಎತ್ತುತ್ತದೆ ಎನ್ನುವುದು ಸಹಜವಾಗಿ ಹೊಳೆಯುವ ಉತ್ತರ. ಭೌತವಿಜ್ಞಾನಿಯಾಗಿದ್ದ ಜಗದೀಶಚಂದ್ರ ಬೋಸರೇ ಹಾಗೆ ನಂಬಿದ್ದರು. ಗಿಡದ ಜೀವಕೋಶಗಳು ಹೃದಯದಂತೆ ಮಿಡಿದು ನೀರನ್ನು ಮೇಲೆ ದಬ್ಬುತ್ತವೆ ಎಂದು 1923ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಆದರೆ ನೀರು ಸಾಗುವ ನಾಳಗಳು ಸತ್ತ ಕೋಶಗಳ ಟೊಳ್ಳು ಗೋಡೆಗಳು. ಕಾಂಡಕ್ಕೆ ವಿಷ ಹಾಕಿ ಜೀವಕೋಶಗಳನ್ನು ಕೊಂದರೂ ನೀರು ಏರುತ್ತಲೇ ಇರುತ್ತದೆ ಎಂದು ಸ್ಟ್ರಾಸ್‌ಬರ್ಗರ್ ಅದಕ್ಕೂ ಮೂವತ್ತು ವರ್ಷ ಮೊದಲೇ ಕಂಡುಕೊಂಡಿದ್ದ. ಈಗ ಹೆಚ್ಚಿನವರು ಒಪ್ಪುವ ವಿವರಣೆ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಡಿಕ್ಸನ್ ಮತ್ತು ಜೋಲಿ 1894ರಲ್ಲಿ ಮುಂದಿಟ್ಟದ್ದು. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಎಲೆಯ ರಂಧ್ರದಿಂದ ಬಿಸಿಲಿಗೆ ಒಂದು ಕಣ ಹಾರಿಹೋದಾಗ ಅದರ ಹಿಂದಿನದು ಮುಂದಕ್ಕೆ ಜಗ್ಗುತ್ತದೆ. ಬಾವಿಯ ಹಗ್ಗದಂತೆ, ಬೇರಿನ ತುದಿಯವರೆಗೆ ಒಂದೇ ಎಳೆ. ಎಳೆಯುವ ಶಕ್ತಿ ಸೂರ್ಯನದು. ಬೇರು ಹೀರಿದ ನೀರಿನಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಪಾಲು ಹೀಗೆ ಆವಿಯಾಗಿಯೇ ಹೋಗುತ್ತದೆ. ಬರಗಾಲದಲ್ಲಿ ಎಳೆತ ಅತಿಯಾದಾಗ ಈ ಎಳೆಗಳು ತುಂಡಾಗುತ್ತವೆ. ಆ ಸದ್ದು ನಮ್ಮ ಕಿವಿಗೆ ಕೇಳದಿದ್ದರೂ ಸೂಕ್ಷ್ಮ ಉಪಕರಣಕ್ಕೆ ಕೇಳುತ್ತದೆ.

ಇದನ್ನು ಹೇಳಿದಾಗ ಕೆಲವರಿಗೆ ಬೇಸರವಾಗುತ್ತದೆ. ಮರವನ್ನು ಪೈಪು ಮಾಡಿಬಿಟ್ಟಿರಿ, ಜೀವದ ಗುಟ್ಟನ್ನೇ ಕಳೆದಿರಿ ಎನ್ನುತ್ತಾರೆ. ನನಗೆ ಹಾಗೆ ಅನ್ನಿಸಿಲ್ಲ. ಗೊತ್ತಾದ ಮೇಲೆ ಹೆಬ್ಬಲಸಿನ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ವಿವರಣೆಯಿಂದ ಬೆರಗು ಸಾಯುತ್ತದೆ ಎಂಬ ಭಯ ನನಗಿಲ್ಲ. ನನ್ನನ್ನು ಕಾಡಿದ್ದು ಬೇರೆ.

ಅಪ್ಪ ನೀರು ಬಿಡಲು ಶುರುಮಾಡಿದ ಮೂರನೆಯ ದಿನ ಫೋನು ಮಾಡಿದ್ದರು. ಹಳ್ಳದ ಕೆಳಗೆ ಐದು ಮನೆಗಳಿವೆ. ಅಲ್ಲಿಂದ ವಯಸ್ಸಾದ ಹೆಂಗಸೊಬ್ಬರು ಖಾಲಿ ಕೊಡ ಹಿಡಿದು ನಮ್ಮ ಅಂಗಳಕ್ಕೆ ಬಂದಿದ್ದರಂತೆ. ಜಗಳಕ್ಕೇನೂ ಬಂದವರಲ್ಲ. "ಹಳ್ಳ ನಿಂತೋಯ್ತು ಅಯ್ಯಾ, ಇನ್ನೆಷ್ಟು ದಿನ ಪಂಪು ಓಡುತ್ತೆ ಅಂತ ಕೇಳೋಣ ಅಂತ ಬಂದೆ" ಎಂದರಂತೆ. ಅಪ್ಪನ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು. ಅವರ ಪ್ರಶ್ನೆ ನನ್ನ ಲೆಕ್ಕದೊಳಗೆ ಬಂದೇ ಇರಲಿಲ್ಲ.

ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ಕೂತು ಲೆಕ್ಕ ಹಾಕಿದೆ. ಒಂದು ಎಕರೆಗೆ ಒಂದು ಇಂಚು ನೀರೆಂದರೆ ಸುಮಾರು ಒಂದು ಲಕ್ಷ ಲೀಟರ್. ನಮ್ಮ ಹತ್ತು ಎಕರೆಗೆ ಹತ್ತು ಲಕ್ಷ. ಒಂದು ಮನೆಗೆ ದಿನಕ್ಕೆ 400 ಲೀಟರ್ ಎಂದರೂ ಐದು ಮನೆಗೆ ಅದು ಐನೂರು ದಿನದ ನೀರು. ಹೈಸ್ಕೂಲು ಮಕ್ಕಳ ಲೆಕ್ಕ. ಮೊಗ್ಗಿನೊಳಗಿನ ನೀರಿನ ಒತ್ತಡವನ್ನು ಅಳೆಯಬಲ್ಲ ನಾನು ಇದನ್ನು ಯಾಕೆ ಮೊದಲೇ ಮಾಡಲಿಲ್ಲ?

ಉಷ್ಣಚಲನಶಾಸ್ತ್ರದ ಮೊದಲ ತರಗತಿಯಲ್ಲಿ ಒಂದು ಪಾಠ ಹೇಳಿಕೊಡುತ್ತಾರೆ. ಯಾವುದನ್ನೇ ಲೆಕ್ಕ ಮಾಡುವ ಮೊದಲು ಗೆರೆ ಎಳೆಯಿರಿ. ಗೆರೆಯ ಒಳಗಿನದು ವ್ಯವಸ್ಥೆ, ಹೊರಗಿನದು ಪರಿಸರ. ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಎಲೆಯ ಸುತ್ತ ಎಳೆಯಬಹುದು, ಗಿಡದ ಸುತ್ತ ಎಳೆಯಬಹುದು. ನಾನು ಗಿಡದ ಸುತ್ತ ಎಳೆದಿದ್ದೆ. ಅಪ್ಪ ಬೇಲಿಯ ಸುತ್ತ ಎಳೆದಿದ್ದರು. ಇಬ್ಬರ ಲೆಕ್ಕವೂ ಸರಿಯಾಗಿಯೇ ಇತ್ತು. ಕೊಡ ಹಿಡಿದು ಬಂದವರು ಎರಡೂ ಗೆರೆಗಳ ಹೊರಗಿದ್ದರು.

ಡಿಕ್ಸನ್ ಮತ್ತು ಜೋಲಿ ಇದ್ದ ಅದೇ ಟ್ರಿನಿಟಿ ಕಾಲೇಜಿನಲ್ಲಿ 1943ರಲ್ಲಿ ಭೌತವಿಜ್ಞಾನಿ ಶ್ರೋಡಿಂಗರ್ ಜೀವ ಎಂದರೇನು ಎಂದು ಕೇಳಿಕೊಂಡು ಕೆಲವು ಉಪನ್ಯಾಸ ಕೊಟ್ಟ. ಮರುವರ್ಷ ಅವು ಪುಸ್ತಕವಾದವು. ಎಲ್ಲವೂ ಅಸ್ತವ್ಯಸ್ತದ ಕಡೆಗೆ ಜಾರುವ ಜಗತ್ತಿನಲ್ಲಿ ಜೀವಿ ಹೇಗೆ ಅಚ್ಚುಕಟ್ಟಾಗಿ ಉಳಿಯುತ್ತದೆ ಎಂಬುದು ಅವನ ಪ್ರಶ್ನೆಗಳಲ್ಲಿ ಒಂದು. ತನ್ನ ಅಚ್ಚುಕಟ್ಟನ್ನು ಅದು ಹೊರಗಿನಿಂದ ಸತತವಾಗಿ ಪಡೆಯುತ್ತಿರುತ್ತದೆ ಎಂಬುದು ಅವನ ಉತ್ತರ. ಮುಚ್ಚಿದ ಡಬ್ಬಿಯಲ್ಲಿ ಜೀವವಿಲ್ಲ. ಒಳಗಿನ ಕ್ರಮಕ್ಕೆ ಹೊರಗೆಲ್ಲೋ ಬೆಲೆ ತೆತ್ತೇ ತೆರಬೇಕು. ಪರೀಕ್ಷೆಗೆಂದು ಇದನ್ನು ಬಾಯಿಪಾಠ ಮಾಡಿದ್ದೆ. ಹತ್ತು ಎಕರೆ ಒಂದೇ ದಿನ ಅರಳುವ ಕ್ರಮಕ್ಕೆ ಬೆಲೆ ಕೊಡುವವರು ಯಾರು ಎಂದು ಕೇಳಿಕೊಂಡಿರಲಿಲ್ಲ.

ಭೌತಶಾಸ್ತ್ರದಿಂದ ಧರ್ಮ ಹುಟ್ಟುತ್ತದೆ ಎಂದು ನಾನು ಹೇಳುತ್ತಿಲ್ಲ. ಹಳ್ಳ ಬತ್ತುತ್ತದೆ ಎನ್ನುವುದನ್ನು ಸಮೀಕರಣ ಹೇಳಬಲ್ಲದು. ಬತ್ತಿಸಬಾರದು ಎನ್ನುವುದನ್ನು ಹೇಳಲಾರದು. ಸಾಲ ಮಾಡಿ ಗೊಬ್ಬರ ಹಾಕಿದ ಬೆಳೆಗಾರನಿಗೆ ಹೂವು ಕೈಕೊಟ್ಟರೆ ವರ್ಷವೇ ಹೋಯಿತು, ಅದೂ ಸುಳ್ಳಲ್ಲ. ಆದರೆ ಜೀವಿಯೊಂದು ತನ್ನ ಚರ್ಮದಲ್ಲಿ ಮುಗಿಯುವುದಿಲ್ಲ, ಮಣ್ಣಿನಿಂದ ಆಕಾಶದವರೆಗೆ ಒಂದೇ ನೀರಿನ ಎಳೆ ಎಂದು ಕಲಿತ ಮೇಲೆ "ನನಗೇನು ಗೊತ್ತಿತ್ತು" ಎನ್ನುವ ಅನುಕೂಲ ನನಗಿಲ್ಲ. ಒಂದು ತುದಿ ಎಳೆದರೆ ಇನ್ನೊಂದು ತುದಿ ಅಲುಗುತ್ತದೆ ಎಂಬುದೇ ನನ್ನ ಓದಿನ ವಿಷಯ.

ಲೆಕ್ಕವನ್ನು ಅಪ್ಪನಿಗೆ ಹೇಳಿದೆ. "ಹೂವು ಬರ್ಲಿಲ್ಲ ಅಂದ್ರೆ ನಿನ್ನ ಲೆಕ್ಕ ಬೇಯಿಸ್ಕೊಂಡು ತಿನ್ನೋದಾ?" ಎಂದು ಸಿಟ್ಟಾದರು. ಎರಡು ದಿನ ಬಿಟ್ಟು ಅವರೇ ಫೋನು ಮಾಡಿದರು. ಒಂದು ದಿನ ಪಂಪು ಓಡಿಸಿ ಒಂದು ದಿನ ಹಳ್ಳ ಬಿಡುವುದೆಂದು ಮಾಡಿಕೊಂಡಿದ್ದರು. ಮೇಲಿನ ಎರಡು ಎಕರೆಗೆ ಆ ಸಲ ನೀರೇ ಹೋಗಲಿಲ್ಲ. ಆ ತುಂಡಿನಲ್ಲಿ ಹೂವು ಅರೆಬರೆ ಅರಳಿ ಫಸಲು ಕಡಿಮೆಯಾಯಿತು. ಮುಂದಿನ ವರ್ಷ ಮಳೆನೀರು ಹಿಡಿಯಲು ಕೆರೆ ತೋಡಿಸಿದೆವು. ಅದರ ಸಾಲ ಇನ್ನೂ ತೀರಿಲ್ಲ. ಹಳ್ಳದ ಮೇಲ್ಭಾಗದಲ್ಲಿ ಇನ್ನೂ ಮೂರು ತೋಟಗಳ ಪಂಪುಗಳಿವೆ, ಅವರೊಡನೆ ಮಾತು ಇನ್ನೂ ಮುಗಿದಿಲ್ಲ.

ಪ್ರಬಂಧದ ಮೊದಲ ಅಧ್ಯಾಯದಲ್ಲಿ ಗಿಡದ ಒಂದು ಚಿತ್ರವಿದೆ. ಅದರ ಸುತ್ತ ನಾನೇ ಹಾಕಿದ ಚುಕ್ಕಿಗೆರೆ, ಕೆಳಗೆ "ವ್ಯವಸ್ಥೆಯ ಮೇರೆ" ಎಂಬ ಸಾಲು. ಅದನ್ನು ತೆಗೆಯಲಾಗದು. ತೆಗೆದರೆ ಲೆಕ್ಕವೇ ನಡೆಯುವುದಿಲ್ಲ. ಆದರೆ ಆ ಪುಟ ಬಂದಾಗಲೆಲ್ಲ ಗೆರೆಯ ಆಚೆ ಯಾರು ನಿಂತಿದ್ದಾರೆಂದು ನೋಡುವ ಅಭ್ಯಾಸವಾಗಿದೆ.