ಚೀಟಿ ಎತ್ತುವುದು ಧರ್ಮವೋ ಅಧರ್ಮವೋ?

ಒಂದು ರೋಗ ಇದೆ. ಅದಕ್ಕೊಂದು ಹೊಸ ಔಷಧ ಬಂದಿದೆ. ಗುಣ ಮಾಡುತ್ತದೋ ಇಲ್ಲೋ ಯಾರಿಗೂ ಖಾತ್ರಿ ಇಲ್ಲ. ಡಾಕ್ಟರರು ನೂರು ರೋಗಿಗಳ ಹೆಸರಿನಲ್ಲಿ ಚೀಟಿ ಎತ್ತುತ್ತಾರೆ. ಐವತ್ತು ಮಂದಿಗೆ ಔಷಧ ಕೊಡುತ್ತಾರೆ, ಐವತ್ತು ಮಂದಿಗೆ ಕೊಡದೆ ನೋಡುತ್ತಾರೆ. ನಮ್ಮ ವಾಚನಾಲಯದ ಕಟ್ಟೆಯ ಮೇಲೆ ಈ ಮಾತು ಬಂದಾಗ ಬಹಳ ಮಂದಿ, "ಇದು ಪಾಪದ ಕೆಲಸರೀ, ಜೀವದ ಮ್ಯಾಲ ಜೂಜು ಆಡಿದಂಗ" ಅಂದರು. ನಾನು ಏಳನೇ ಇಯತ್ತೆ ಕಲಿತ ಮನುಷ್ಯ. ಆದರೂ ಹೊಲ ಮತ್ತು ಹಾಡು ಎರಡೂ ಈ ವಿಷಯದಲ್ಲಿ ನನಗೆ ಸ್ವಲ್ಪ ಬುದ್ಧಿ ಕಲಿಸಿವೆ. ತಿಳಿದಷ್ಟು ಹೇಳುತ್ತೇನೆ, ಗುರುಗಳು ತಿದ್ದಬೇಕು.

ಮೊದಲು ಹೊಲದ ಮಾತು. ಬೀಜ ಮಾರುವವ ಬಂದು, "ಕಾಕಾ, ಈ ಬೀಜ ಬಿತ್ತಿದವರಿಗೆ ಎಕರೆಗೆ ಎರಡು ಚೀಲ ಹೆಚ್ಚು ಬಂದೈತಿ" ಅಂತಾನೆ. ಹೆಚ್ಚು ಅಂದರೆ ಯಾವುದಕ್ಕಿಂತ? ಹೋದ ವರ್ಷಕ್ಕಿಂತ ಅಂದರೆ, ಹೋದ ವರ್ಷ ಮಳೆ ಕೈಕೊಟ್ಟಿತ್ತು. ಬಾಜೂ ಹೊಲಕ್ಕಿಂತ ಅಂದರೆ, ಅದು ಮಡ್ಡಿ, ಇದು ಎರೆ. ಒಂದೇ ಹೊಲದಲ್ಲಿ ಅರ್ಧ ನಮ್ಮ ಮಾಲದಂಡಿ ಜೋಳ, ಅರ್ಧ ಹೊಸ ಬೀಜ ಹಾಕಿದರೂ ಒಂದು ಮೋಸ ಉಳಿಯುತ್ತದೆ. ಹೊಸದನ್ನು ಒಡ್ಡಿನ ಮಗ್ಗುಲಿಗೆ ಬಿತ್ತಿದ್ದರೆ? ಅಲ್ಲಿ ಒಳ್ಳೆಯ ಮಣ್ಣು ಕೂಡಿರುತ್ತದೆ, ಹಸಿ ಹೆಚ್ಚು ದಿನ ನಿಲ್ಲುತ್ತದೆ. ಆಗ ಗೆದ್ದದ್ದು ಬೀಜವೋ ಒಡ್ಡೋ?

ಇಂಗ್ಲೆಂಡಿನ ರೋಥಮ್‌ಸ್ಟೆಡ್ ಎಂಬಲ್ಲಿ ಒಂದು ಕೃಷಿ ಸಂಶೋಧನಾ ಕೇಂದ್ರ ಇದೆ. ಅಲ್ಲಿಯ ಒಂದು ಹೊಲದಲ್ಲಿ 1843ರಿಂದ ಗೋಧಿಯ ಪರೀಕ್ಷೆ ನಡೆದಿದೆ. ಅದರಲ್ಲಿ ಒಂದು ಪಟ್ಟಿಗೆ ಅಂದಿನಿಂದ ಗೊಬ್ಬರವನ್ನೇ ಹಾಕಿಲ್ಲ. ಕೇಳಿದರೆ ನಗು ಬರುತ್ತದೆ. ಆದರೆ ಆ ಬರಿಗೈ ಪಟ್ಟಿ ಇಲ್ಲದಿದ್ದರೆ ಉಳಿದ ಪಟ್ಟಿಗಳ ಗೊಬ್ಬರದ ಗುಣ ಅಳೆಯುವುದು ಯಾವುದರಿಂದ? ಅದೇ ಕೇಂದ್ರಕ್ಕೆ 1919ರಲ್ಲಿ ರೊನಾಲ್ಡ್ ಫಿಶರ್ ಎಂಬ ಲೆಕ್ಕದ ಪಂಡಿತ ಬಂದ. ಹೊಲವನ್ನು ಸಣ್ಣ ತುಂಡು ಮಾಡಬೇಕು, ಯಾವ ತುಂಡಿಗೆ ಯಾವ ಬೀಜ ಎಂಬುದನ್ನು ಮನಸ್ಸಿಗೆ ಬಂದಂತೆ ಆರಿಸದೆ ಚೀಟಿಗೆ ಬಿಡಬೇಕು ಎಂದು ಆತ ತೋರಿಸಿದ. ಚೀಟಿಗೆ ಒಡ್ಡೂ ಗೊತ್ತಿಲ್ಲ, ಬೀಜದ ವ್ಯಾಪಾರಿಯೂ ಗೊತ್ತಿಲ್ಲ. ಅದೇ ಅದರ ದೊಡ್ಡ ಗುಣ.

ಇನ್ನು ಹಾಡಿನ ಮಾತು. ಜಾತ್ರೆಯಲ್ಲಿ ಹರದೇಶಿ ನಾಗೇಶಿ ಮೇಳಗಳ ಸವಾಲ್ ಜವಾಬ್ ರಾತ್ರಿಯೆಲ್ಲಾ ನಡೆಯುತ್ತದೆ. ತೀರ್ಪು ಹೇಳುವವ ಒಂದು ಮೇಳದವರ ಬೀಗ ಆಗಿದ್ದರೆ ಆ ತೀರ್ಪನ್ನು ಯಾರು ನಂಬುತ್ತಾರೆ? ಅವನು ಸುಳ್ಳ ಅಂತ ಅಲ್ಲ. ತನ್ನವರ ಡಪ್ಪಿನ ಸದ್ದು ಅವನ ಕಿವಿಗೆ ತಾನಾಗಿಯೇ ಇಂಪಾಗಿ ಕೇಳಿಸುತ್ತದೆ. ಅದಕ್ಕೇ ಪರೀಕ್ಷೆಯಲ್ಲಿ ಅಳೆಯುವವನಿಗೆ, ಯಾರಿಗೆ ಔಷಧ ಸಿಕ್ಕಿದೆ, ಯಾರಿಗೆ ಸಿಕ್ಕಿಲ್ಲ ಎಂದು ಆದಷ್ಟು ತಿಳಿಯಬಾರದು.

ಹೊಲಕ್ಕೆ ಕಣ್ಣೀರಿಲ್ಲ, ಮನುಷ್ಯನಿಗೆ ಇದೆ. ಧರ್ಮದ ಪ್ರಶ್ನೆ ಶುರುವಾಗುವುದೇ ಇಲ್ಲಿ. "ಚೀಟಿ ಯಾಕ ಬೇಕು, ಎಲ್ಲರಿಗೂ ಔಷಧ ಕೊಟ್ಟುಬಿಡ್ರಿ" ಅನ್ನುವುದು ಕರುಣೆಯ ಮಾತು. ಆದರೆ ಬರೀ ಕರುಣೆ ಏನು ಮಾಡಿತು ನೋಡ್ರಿ. ಯುರೋಪಿನ ವೈದ್ಯರು ನೂರಾರು ವರ್ಷ ಜ್ವರಕ್ಕೂ ಕೆಮ್ಮಿಗೂ ರೋಗಿಯ ರಕ್ತ ತೆಗೆದರು. ಅವರೇನು ಕಟುಕರಾಗಿರಲಿಲ್ಲ. ಬದುಕಿದವರು ರಕ್ತ ತೆಗೆದದ್ದರಿಂದಲೇ ಬದುಕಿದರು ಅಂದುಕೊಂಡರು. ರಕ್ತ ತೆಗೆಯದವರ ಜೊತೆ ಸರಿಯಾಗಿ ಹೋಲಿಸಿ ನೋಡದೆ ಇದ್ದದ್ದಕ್ಕೆ ಎಷ್ಟು ಜೀವ ಹೋದವೋ ದೇವರೇ ಬಲ್ಲ. ಪರೀಕ್ಷೆ ಮಾಡದೆ ಇರುವುದೂ ಒಂದು ಪಾಪವೇ.

1947ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧ ಬಂತು. ಅದು ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಬ್ರಾಡ್‌ಫರ್ಡ್ ಹಿಲ್ ಎಂಬ ಲೆಕ್ಕಿಗ ಚೀಟಿಯಂಥ ಪದ್ಧತಿ ಮಾಡಿ ಮುಚ್ಚಿದ ಲಕೋಟೆಯಲ್ಲಿ ಇಟ್ಟ. 107 ರೋಗಿಗಳಲ್ಲಿ 55 ಮಂದಿಗೆ ಔಷಧ ಸಿಕ್ಕಿತು, 52 ಮಂದಿಗೆ ಹಾಸಿಗೆಯ ವಿಶ್ರಾಂತಿ ಮಾತ್ರ. ಎಕ್ಸರೇ ನೋಡಿದ ತಜ್ಞರಿಗೆ ಯಾರು ಯಾವ ಗುಂಪು ಎಂದು ಹೇಳಿರಲಿಲ್ಲ. ಆರು ತಿಂಗಳಲ್ಲಿ ಔಷಧ ಸಿಕ್ಕವರಲ್ಲಿ 4 ಮಂದಿ ಸತ್ತರು, ಸಿಗದವರಲ್ಲಿ 14 ಮಂದಿ.

ಆ 14 ಮಂದಿಯ ಲೆಕ್ಕ ಓದಿ ಎದೆ ಭಾರವಾಗುತ್ತದೆ. ಆದರೆ ಚೀಟಿ ಇಲ್ಲದಿದ್ದರೆ ಇದ್ದಷ್ಟು ಔಷಧ ಯಾರ ಪಾಲಾಗುತ್ತಿತ್ತು? ವಶೀಲಿ ಇದ್ದವರ ಪಾಲು. ಚೀಟಿಗೆ ಜಾತಿ ಇಲ್ಲ, ರೊಕ್ಕ ಇಲ್ಲ. ಇಷ್ಟರ ಮಟ್ಟಿಗೆ ಅದು ನ್ಯಾಯವೇ. ಒಂದು ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಔಷಧ ಸಿಗದವರಿಗೆ ತಾವು ಒಂದು ಪರೀಕ್ಷೆಯೊಳಗೆ ಇದ್ದೇವೆ ಎಂದೇ ಹೇಳಿರಲಿಲ್ಲ. ಹೇಳದೆ ಎತ್ತಿದ ಚೀಟಿ ಅರ್ಧ ನ್ಯಾಯ.

ಇದಕ್ಕಿಂತ ಚೊಲೋ ದಾರಿ ನಮ್ಮ ದೇಶದಲ್ಲೇ ಸಿಕ್ಕಿತು. 1956ರಲ್ಲಿ ಮದ್ರಾಸಿನಲ್ಲಿ ಕ್ಷಯದ ರೋಗಿಗಳು ಬಹಳ, ಆಸ್ಪತ್ರೆಯ ಹಾಸಿಗೆ ಕಡಿಮೆ. ಮನೆಯಲ್ಲೇ ಇದ್ದು ಗುಳಿಗೆ ನುಂಗಿದರೆ ಸಾಕೋ, ಸ್ಯಾನಿಟೋರಿಯಂ ಸೇರಲೇಬೇಕೋ? ಸುಮಾರು ಇನ್ನೂರು ಬಡ ರೋಗಿಗಳನ್ನು ಚೀಟಿಯಂತೆ ಎರಡು ಪಾಲು ಮಾಡಿದರು. ಇಲ್ಲಿ ಔಷಧ ಎರಡೂ ಪಾಲಿನವರಿಗೆ ಸಿಕ್ಕಿತು, ಒಂದು ವರ್ಷದವರೆಗೆ. ಯಾರನ್ನೂ ಬರಿಗೈಯಲ್ಲಿ ಬಿಡಲಿಲ್ಲ. ಸ್ಯಾನಿಟೋರಿಯಮ್ಮಿನಲ್ಲಿ ಊಟ ಚೆನ್ನ, ವಿಶ್ರಾಂತಿ ಚೆನ್ನ. ಮನೆಯಲ್ಲಿ ಇಕ್ಕಟ್ಟು, ಅರೆಹೊಟ್ಟೆ. ಆದರೂ 1959ರಲ್ಲಿ ಬಂದ ಫಲಿತಾಂಶ, ಮನೆಯ ಚಿಕಿತ್ಸೆ ಹೆಚ್ಚುಕಡಿಮೆ ಅಷ್ಟೇ ಗುಣ ಮಾಡಿತು ಎಂದು ಹೇಳಿತು. ಮನೆಮಂದಿಗೆ ಅದರಿಂದ ರೋಗ ಹೆಚ್ಚಾಗಲಿಲ್ಲ ಎಂಬುದೂ ಆಮೇಲೆ ತಿಳಿಯಿತು. ಇವತ್ತು ಕ್ಷಯದ ರೋಗಿ ಹೆಂಡತಿ ಮಕ್ಕಳನ್ನು ಬಿಟ್ಟು ಹೋಗದೆ ಮನೆಯಲ್ಲೇ ಗುಳಿಗೆ ನುಂಗುತ್ತಾನೆ ಅಂದರೆ ಅದರ ಹಿಂದೆ ಆ ಬಡವರ ಋಣ ಇದೆ.

ಇದಕ್ಕೆ ಪೂರ್ತಿ ಉಲ್ಟಾ ನಡೆದದ್ದು ಅಮೆರಿಕದ ಟಸ್ಕೀಗಿಯಲ್ಲಿ. 1932ರಲ್ಲಿ ಸರ್ಕಾರದ ಆರೋಗ್ಯ ಇಲಾಖೆಯೇ ಸಿಫಿಲಿಸ್ ಎಂಬ ಗುಪ್ತರೋಗ ಇದ್ದ 399 ಮಂದಿ ಬಡ ಕಪ್ಪು ಜನರನ್ನು, ರೋಗ ಹೇಗೆ ಬೆಳೆಯುತ್ತದೆ ನೋಡೋಣ ಎಂದು ಇಟ್ಟುಕೊಂಡಿತು. ನಿಮ್ಮ ರಕ್ತ ಕೆಟ್ಟಿದೆ ಎಂದಷ್ಟೇ ಅವರಿಗೆ ಹೇಳಿದರು. 1940ರ ದಶಕದಲ್ಲಿ ಪೆನಿಸಿಲಿನ್ ಆ ರೋಗಕ್ಕೆ ಮದ್ದು ಎಂದು ಖಾತ್ರಿಯಾದ ಮೇಲೂ ಕೊಡಲಿಲ್ಲ. 1972ರವರೆಗೆ, ನಲವತ್ತು ವರ್ಷ, ಸಾಯುವುದನ್ನು ನೋಡುತ್ತಾ ಬರೆದುಕೊಂಡರು. 1997ರಲ್ಲಿ ಅಲ್ಲಿಯ ಅಧ್ಯಕ್ಷರು ಕ್ಷಮೆ ಕೇಳಿದರು. ಮದ್ದು ಗೊತ್ತಿದ್ದೂ ಕೊಡದೆ ನೋಡಿದರೆ ಅದಕ್ಕೆ ಪರೀಕ್ಷೆ ಅನ್ನುವುದಿಲ್ಲ.

ಕೆಲವು ಕಡೆ ಚೀಟಿ ಎತ್ತುವುದೇ ತಪ್ಪು. ಬೀಡಿ ಸಿಗರೇಟಿನಿಂದ ಕ್ಯಾನ್ಸರ್ ಬರುತ್ತದೋ ಎಂದು ತಿಳಿಯಲು ನೂರು ಹುಡುಗರಿಗೆ ಇಪ್ಪತ್ತು ವರ್ಷ ಸೇದಿಸಲು ಆಗುತ್ತದೇನು? ಅದೇ ಬ್ರಾಡ್‌ಫರ್ಡ್ ಹಿಲ್, ರಿಚರ್ಡ್ ಡಾಲ್ ಎಂಬ ಡಾಕ್ಟರರ ಜೊತೆ ಸೇರಿ, ಲಂಡನ್ನಿನ ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಆದವರನ್ನೂ ಬೇರೆ ರೋಗದವರನ್ನೂ ಎಷ್ಟು ಸೇದುತ್ತಿದ್ದಿರಿ ಎಂದು ಕೇಳಿಸಿದ. ಕ್ಯಾನ್ಸರ್ ಆದವರಲ್ಲಿ ಬಹಳ ಸೇದಿದವರೇ ಹೆಚ್ಚು ಎಂದು 1950ರಲ್ಲಿ ಹೊರಬಿತ್ತು. ಕ್ಷಯಕ್ಕೆ ಚೀಟಿ ಎತ್ತಿದ ಮನುಷ್ಯನೇ ಇಲ್ಲಿ ಚೀಟಿ ಮುಟ್ಟಲಿಲ್ಲ. ಕೂರಿಗೆ ಬೇರೆ, ಕುಂಟಿ ಬೇರೆ. ಯಾವ ಹೊತ್ತಿಗೆ ಯಾವುದನ್ನು ಹೂಡಬೇಕು ಎಂದು ತಿಳಿದವನೇ ಒಕ್ಕಲಿಗ.

ಅದಕ್ಕೆ ನನ್ನ ತಿಳುವಳಿಕೆ ಇಷ್ಟು. ಖರೇನೇ ಯಾರಿಗೂ ಗೊತ್ತಿಲ್ಲದಾಗ ಮಾತ್ರ ಚೀಟಿಗೆ ಹಕ್ಕು ಬರುತ್ತದೆ. ಸೇರುವವನಿಗೆ ಎಲ್ಲವನ್ನೂ ಅವನ ಭಾಷೆಯಲ್ಲಿ ತಿಳಿಸಿ, ಒಲ್ಲೆ ಅನ್ನುವ ದಾರಿ ತೆರೆದಿರಬೇಕು. ಈಗಾಗಲೇ ಗೊತ್ತಿರುವ ಮದ್ದನ್ನು ಯಾರಿಗೂ ತಪ್ಪಿಸಬಾರದು. ಉತ್ತರ ಸಿಕ್ಕ ದಿನವೇ ಪರೀಕ್ಷೆ ನಿಲ್ಲಿಸಿ, ಒಳ್ಳೆಯದನ್ನು ಎಲ್ಲರಿಗೂ ಹಂಚಬೇಕು.

ಇಷ್ಟು ಇದ್ದರೆ ನನ್ನ ಹೆಸರಿನ ಚೀಟಿ ಗಡಿಗೆಯಲ್ಲಿ ಹಾಕಿರಿ ಅಂತ ನಾನು ಹೇಳುತ್ತೇನೆ. ಮೊಮ್ಮಗನ ಹೆಸರು ಕೇಳಿದರೆ ಕೈ ನಡುಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಅವನಿಗೆ ಇವತ್ತು ಸಿಗುವ ಮದ್ದುಗಳೆಲ್ಲ ಹಿಂದೆ ಯಾರದೋ ಮೊಮ್ಮಕ್ಕಳ ಮೇಲೆ ಪರೀಕ್ಷೆಯಾಗಿ ಬಂದವು. ನಡುಗುವ ಕೈಯಿಂದ, ಎಲ್ಲ ಕೇಳಿ ತಿಳಿದುಕೊಂಡು, ಅವನ ಹೆಸರನ್ನೂ ಬರೆಸಬೇಕಾದೀತು.