ಒಂದೇ ಸಾಕ್ಷಿ

ಒಂದು ಸಂಖ್ಯೆ ಅವಿಭಾಜ್ಯವಲ್ಲ ಎಂದು ಹೇಳಲು ಗಣಿತದಲ್ಲಿ ಒಂದೇ ಸಾಕ್ಷಿ ಸಾಕು. ಸಾಕ್ಷಿ ಎನ್ನುವುದು ನನ್ನ ಉಪಮೆಯಲ್ಲ, ಗಣಿತದವರೇ ಬಳಸುವ ಮಾತು. 7ನ್ನು ತಗೊಳ್ಳಿ. ಆರು 2ಗಳನ್ನು ಗುಣಿಸಿದರೆ 64. ಅದನ್ನು 7ರಿಂದ ಭಾಗಿಸಿದರೆ ಉಳಿಯುವುದು 1. 2ರ ಬದಲು 3, 4, 5, 6 ಯಾವುದನ್ನಿಟ್ಟರೂ ಉಳಿಯುವುದು 1. ಅವಿಭಾಜ್ಯಗಳೆಲ್ಲ ಹೀಗೇ ನಡೆದುಕೊಳ್ಳುತ್ತವೆಂದು ಹದಿನೇಳನೇ ಶತಮಾನದಲ್ಲಿ ಫರ್ಮಾ ಕಂಡುಕೊಂಡ. ಈಗ 341. 340 ಎರಡುಗಳನ್ನು ಗುಣಿಸಿ ಭಾಗಿಸಿದರೆ ಇಲ್ಲೂ 1 ಉಳಿಯುತ್ತದೆ. ಒಳ್ಳೆಯ ಸರ್ಟಿಫಿಕೇಟು! ಆದರೆ 2ರ ಜಾಗಕ್ಕೆ 3 ಬಂದರೆ ಉಳಿಯುವುದು 56. ಅಲ್ಲಿಗೆ ಮುಗಿಯಿತು. 341 ಎಂದರೆ 11×31.

2024ರ ಅಕ್ಟೋಬರಿನಲ್ಲಿ ಲ್ಯೂಕ್ ಡ್ಯುರಾಂಟ್ ಪತ್ತೆ ಹಚ್ಚಿದ 4,10,24,320 ಅಂಕಿಗಳ ಸಂಖ್ಯೆಯ ಕಥೆಯೂ ಇದೇ. 13,62,79,841 ಎರಡುಗಳನ್ನು ಗುಣಿಸಿ 1 ಕಳೆದರೆ ಬರುವ ಸಂಖ್ಯೆ ಅದು. ಡಬ್ಲಿನ್ನಿನ ಯಂತ್ರವೊಂದು ಮೊದಲು ಹೇಳಿದ್ದು 'ಬಹುಶಃ ಅವಿಭಾಜ್ಯ' ಎಂದಷ್ಟೆ. ಮರುದಿನ ಟೆಕ್ಸಾಸಿನಲ್ಲಿ ಬೇರೆಯೇ ಪರೀಕ್ಷೆ ಮುಗಿದ ಮೇಲೆ 'ಬಹುಶಃ' ಹೋಯಿತು.

ಸಂಖ್ಯೆಗಳಿಗೆ ಈ ನ್ಯಾಯ ಸರಿ. ಕಾಚಿಗೂಡದ ನಮ್ಮ ಗಲ್ಲಿಯ ಕಿರಾಣಿ ಅಂಗಡಿಯಲ್ಲೂ ಈಚೆಗೆ ಇದೇ ನ್ಯಾಯ ನಡೆಯಿತು. ರಾಯಚೂರು ಕಡೆಯ ಹುಡುಗ, ಮೂರು ವರ್ಷ ಗಲ್ಲಾದ ಪಕ್ಕ ನಿಂತವನು, ಒಂದು ಶನಿವಾರ 800 ರೂಪಾಯಿ ತೆಗೆದುಕೊಂಡು ಊರಿಗೆ ಹೋದ. ಸೋಮವಾರ ಬಂದು, "ಪಗಾರದಾಗ ಹಿಡ್ಕೋರಿ ಸಾವ್ಕಾರ್ರ" ಅಂದ. ಸಾಹುಕಾರರು ಬೀದರಿನವರು. "ಅಂವ ಮೊದಲಿಂದ ಹಂಗೇ ಇರಬೇಕು, ಈಗ ಗೊತ್ತಾತು" ಎಂದು ನನಗೆ ಹೇಳಿದರು.

ನಾನು ಒಪ್ಪದಿರುವುದು ಈ 'ಮೊದಲಿಂದ'ವನ್ನು. 3 ಬರುವ ಮೊದಲೂ 341 ಎಂದರೆ 11×31 ಆಗಿತ್ತು. ಸಾಕ್ಷಿ ಅದನ್ನು ಬಯಲು ಮಾಡಿತಷ್ಟೆ. ಹುಡುಗ ಶುಕ್ರವಾರದ ತನಕ ಕದ್ದಿರಲಿಲ್ಲ, ಶನಿವಾರ ಕದ್ದ. ಸಂಖ್ಯೆಗಳಿಗೆ ಶುಕ್ರವಾರ, ಶನಿವಾರ ಇರುವುದಿಲ್ಲ. ಹಾಗೆಂದು ಗಲ್ಲಾದ ಕೀಲಿ ಮತ್ತೆ ಅವನ ಕೈಗೇ ಕೊಡಿ ಅನ್ನುವ ಧೈರ್ಯ ನನಗೂ ಇಲ್ಲ. ಅಂಗಡಿ ನನ್ನದಲ್ಲ.

ಇನ್ನೊಂದು ವಿಷಯ. 67 ಎರಡುಗಳನ್ನು ಗುಣಿಸಿ 1 ಕಳೆದರೆ ಬರುವ 21 ಅಂಕಿಗಳ ಸಂಖ್ಯೆ ಅವಿಭಾಜ್ಯವೆಂದು ಮರ್ಸೆನ್ 1644ರಲ್ಲಿ ಬರೆದಿದ್ದ. ಅಲ್ಲವೆಂದು ಎಡ್ವರ್ಡ್ ಲೂಕಾ 1876ರಲ್ಲಿ ತೋರಿಸಿದ. ಆದರೆ ಯಾವುದರಿಂದ ಭಾಗವಾಗುತ್ತದೆಂದು ಅವನ ಪರೀಕ್ಷೆ ಹೇಳುವುದಿಲ್ಲ. 19,37,07,721 ಎಂಬ ಅಪವರ್ತನವನ್ನು ಫ್ರಾಂಕ್ ಕೋಲ್ ಮುಂದಿಟ್ಟದ್ದು 1903ರಲ್ಲಿ. ಒಡೆಯುತ್ತದೆ ಎಂದು ತಿಳಿದ ಮೇಲೆ, ಎಲ್ಲಿ ಒಡೆಯುತ್ತದೆ ಎಂದು ತಿಳಿಯಲು 27 ವರ್ಷ.

ಶನಿವಾರ ಏನಾಗಿತ್ತೆಂದು ಸಾಹುಕಾರರು ಕೇಳಿರಲಿಲ್ಲ. ಹುಡುಗ ಈಗ ಸ್ಟೇಷನ್ನಿನ ಹತ್ತಿರ ಮೂಟೆ ಹೊರುತ್ತಾನೆ. ಸಿಕ್ಕಾಗ ನಾನೇ ಕೇಳಿದೆ. ತಾಯಿಯನ್ನು ದವಾಖಾನೆಗೆ ಸೇರಿಸಿದ್ದರಂತೆ.

"ಕೇಳಿದ್ರೆ ಸಾಹುಕಾರರೇ ಕೊಡ್ತಿದ್ದರಲ್ಲೋ?"

"ಹ್ವಾದ ತಿಂಗಳ ಕೇಳಿದ್ನಿರಿ" ಅಂದ.